ಬರದ ನಾಡಿನಿಂದ ರಿಯೊವರೆಗೆ: ಓಟಗಾರ್ತಿ ಲಲಿತಾ ಬಾಬರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ನಮ್ಮ ತಾಯಂದಿರಿಗೆ ದೂರದ ದಾರಿ ಹೊಸದೇನಲ್ಲ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಬುತ್ತಿ ಕಟ್ಟಿಕೊಂಡು ಸವದತ್ತಿಯ ಗುಡ್ಡಕ್ಕೆ ನಡೆಯುವವರು, ಗೊಡಚಿಯ ವೀರಭದ್ರನ ಜಾತ್ರೆಗೆ ಬರಿಗಾಲಲ್ಲಿ ಹೋಗುವವರು, ಬೇಸಿಗೆಯಲ್ಲಿ ಎರಡು ಕೊಡ ನೀರಿಗಾಗಿ ಊರಾಚೆಯ ಬಾವಿಗೆ ಹತ್ತಾರು ಸಲ ಹೋಗಿ ಬಂದವರು ನಮ್ಮ ಮನೆಮನೆಗಳಲ್ಲಿ ಇದ್ದಾರೆ. ಅವರು ಆಯುಷ್ಯದುದ್ದಕ್ಕೂ ನಡೆದ ಹರದಾರಿಗಳನ್ನು ಯಾರೂ ಎಣಿಸಿಲ್ಲ. ಆದರೆ ಅದೇ ಮನೆಯ ಹೆಣ್ಣುಮಗು ಕಾಲಿಗೆ ಬೂಟು ಹಾಕಿಕೊಂಡು ಮೈದಾನದಲ್ಲಿ ಏಳೂವರೆ ಸುತ್ತು ಓಡುತ್ತೇನೆಂದರೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ನಡೆದರೆ ಭಕ್ತಿ, ಹೊತ್ತರೆ ಸಂಸಾರ, ಓಡಿದರೆ ಮಾತ್ರ ಆಕ್ಷೇಪ! ಈ ವಿಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನೆರೆಯ ನಾಡಿನ ಒಬ್ಬ ಓಟಗಾರ್ತಿಯ ಬದುಕನ್ನು ಓದುಗ ಬಂಧುಗಳ ಮುಂದೆ ಇಡಬಯಸುತ್ತೇನೆ. ಅವರ ಹೆಸರು ಲಲಿತಾ ಬಾಬರ.

2016ನೆಯ ಇಸವಿಯ ಅಗಸ್ಟ್ 15. ಬೆಳಿಗ್ಗೆ ಧ್ವಜವಂದನೆ ಮುಗಿದು, ಮಕ್ಕಳು ಚಾಕಲೇಟು ತಿಂದು ಮನೆಗೆ ಹೋಗಿ, ಸಂಜೆ ದೀಪ ಹಚ್ಚುವ ಹೊತ್ತು ದಾಟಿತ್ತು. ಆಗ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ಇನ್ನೂ ಮುಂಜಾನೆ. ಅಲ್ಲಿಯ ಒಲಿಂಪಿಕ್ ಕ್ರೀಡಾಂಗಣದಲ್ಲಿ ಮಹಿಳೆಯರ 3000 ಮೀಟರ್ ಸ್ಟೀಪಲ್‌ಚೇಸ್ ಓಟದ ಅಂತಿಮ ಸ್ಪರ್ಧೆಗೆ ಸಾಲಾಗಿ ನಿಂತವರಲ್ಲಿ ಲಲಿತಾ ಒಬ್ಬರು. 1984ರಲ್ಲಿ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಪಿ. ಟಿ. ಉಷಾ ಅವರು 400 ಮೀಟರ್ ಹರ್ಡಲ್ಸ್ ಓಟದಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚು ಕಳೆದುಕೊಂಡುದನ್ನು ನಮ್ಮ ವಯಸ್ಸಿನವರಾರೂ ಮರೆತಿಲ್ಲ. ಆ ಬಳಿಕ 32 ವರ್ಷ ಭಾರತದ ಯಾವ ಹೆಣ್ಣುಮಗಳೂ ಟ್ರ್ಯಾಕಿನ ವೈಯಕ್ತಿಕ ಓಟದಲ್ಲಿ ಒಲಿಂಪಿಕ್ ಅಂತಿಮ ಸುತ್ತು ಮುಟ್ಟಿರಲಿಲ್ಲ. ಮುಟ್ಟಿದವರು ಬರದ ಸೀಮೆಯ ಒಬ್ಬ ರೈತನ ಮಗಳು.

ಲಲಿತಾ ಅವರ ಊರು ಮೋಹಿ. ಸಾತಾರಾ ಜಿಲ್ಲೆಯ ಮಾಣ ತಾಲೂಕಿಗೆ ಸೇರಿದ ಹಳ್ಳಿ. ಶಿಖರ ಶಿಂಗಣಾಪುರದ ಶಂಭು ಮಹಾದೇವನ ದರ್ಶನಕ್ಕೆ ಹೋದವರಿಗೆ ಆ ಸೀಮೆಯ ಪರಿಚಯವಿದೆ, ಏಕೆಂದರೆ ಆ ಕ್ಷೇತ್ರವೂ ಮಾಣ ತಾಲೂಕಿನಲ್ಲಿಯೇ ಇದೆ. ಸಹ್ಯಾದ್ರಿಯ ಗೋಡೆ ಪಶ್ಚಿಮದ ಮೋಡಗಳನ್ನು ತಡೆದು ಮಳೆಯನ್ನೆಲ್ಲ ತಾನೇ ಕುಡಿದುಬಿಡುವುದರಿಂದ ಅದರ ಪೂರ್ವಕ್ಕೆ ಬರುವ ನೆಲಕ್ಕೆ ಉಳಿಯುವುದು ಗಾಳಿ ಮಾತ್ರ. ಮಾಣದೇಶವೆಂದು ಕರೆಯಿಸಿಕೊಳ್ಳುವ ಆ ಭಾಗ ಮಹಾರಾಷ್ಟ್ರದಲ್ಲಿ ಬರಕ್ಕೆ ಹೆಸರಾದದ್ದು. ಇದೇ ಗೋಡೆಯ ನೆರಳು ನಮ್ಮ ಮೇಲೆಯೂ ಇದೆ. ಖಾನಾಪುರದ ಕಾಡಿನಲ್ಲಿ ಕೊಡೆ ಮಡಚಲು ಬಿಡುವಿಲ್ಲದಂತೆ ಮಳೆ ಸುರಿಯುತ್ತಿರುವಾಗ ರಾಮದುರ್ಗದ ರೈತನು ಕೈಯನ್ನು ಹಣೆಗೆ ಅಡ್ಡ ಹಿಡಿದು ಆಕಾಶ ನೋಡುತ್ತಿರುತ್ತಾನೆ. ನವಿಲುತೀರ್ಥದ ಅಣೆಕಟ್ಟಿನ ನೀರು ಮುಟ್ಟದ ಹೊಲಗಳಲ್ಲಿ ಬದುಕು ಹೇಗಿರುತ್ತದೆಂಬುದನ್ನು ನಮ್ಮವರಿಗೆ ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ಮೋಹಿಯ ಕಥೆ ನಮಗೆ ಪರದೇಶದ ಕಥೆಯಲ್ಲ.

1989ರ ಜೂನ್ 2ರಂದು ಜನಿಸಿದ ಲಲಿತಾ, ಹದಿನಾರನೆಯ ವಯಸ್ಸಿನಲ್ಲಿ, ಅಂದರೆ 2005ರಲ್ಲಿ, ಪುಣೆಯಲ್ಲಿ ನಡೆದ ಇಪ್ಪತ್ತು ವರ್ಷದೊಳಗಿನವರ ರಾಷ್ಟ್ರೀಯ ಕೂಟದಲ್ಲಿ ಚಿನ್ನ ಗೆದ್ದರು. ಮುಂದೆ ರೈಲ್ವೆ ಇಲಾಖೆಯಲ್ಲಿ ನೌಕರಿ ದೊರೆಯಿತು. ನಮ್ಮ ದೇಶದಲ್ಲಿ ಬಡ ಮನೆಗಳಿಂದ ಬಂದ ಎಷ್ಟೋ ಓಟಗಾರ್ತಿಯರನ್ನು ಉಳಿಸಿದ್ದು ರೈಲ್ವೆಯ ಈ ನೌಕರಿಯೇ. ಪದಕಗಳ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲದಿದ್ದರೂ ಇದನ್ನು ಹೇಳಲೇಬೇಕು. ತಿಂಗಳ ಸಂಬಳ ಮನೆಗೆ ಬರುತ್ತಿದ್ದರೆ ಮಗಳ ಓಟದ ಬಗ್ಗೆ ಬಂಧುಬಳಗದ ಬಾಯಿ ಅರ್ಧ ಮುಚ್ಚುತ್ತದೆ.

ಮೊದಮೊದಲು ಅವರ ಹೆಸರು ಕೇಳಿಬಂದದ್ದು ರಸ್ತೆಯ ಓಟದಿಂದ. ಮುಂಬೈ ಮ್ಯಾರಥಾನಿನಲ್ಲಿ ಭಾರತೀಯ ಮಹಿಳೆಯರ ಸಾಲಿನಲ್ಲಿ ಹಲವು ಸಲ ಮೊದಲಿಗರಾದರು. 2015ರ ಜನೆವರಿಯಲ್ಲಿ ಅವರು ಆ 42 ಕಿಲೋಮೀಟರ್ 195 ಮೀಟರ್ ದೂರವನ್ನು 2 ತಾಸು 38 ನಿಮಿಷ 21 ಸೆಕೆಂಡಿನಲ್ಲಿ ಓಡಿದರು. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಮೂರೂಮುಕ್ಕಾಲು ನಿಮಿಷ. ಬೈಲಹೊಂಗಲದಿಂದ ಹೊರಟು ಬೆಳಗಾವಿಯ ದಾರಿ ಹಿಡಿದರೆ ಊರು ಕಣ್ಣಿಗೆ ಬೀಳುವವರೆಗೂ ಆ ವೇಗ ಒಂದಿಷ್ಟೂ ಕುಗ್ಗಬಾರದು. ನಮ್ಮಲ್ಲಿಯ ತರುಣರು ಒಂದು ಕಿಲೋಮೀಟರನ್ನಾದರೂ ಆ ವೇಗದಲ್ಲಿ ಓಡಿ ನೋಡಲಿ.

ಆದರೆ ಅಷ್ಟರಲ್ಲಿ ಅವರು ಇನ್ನೊಂದು ಓಟಕ್ಕೆ ಮನಸ್ಸು ಕೊಟ್ಟಾಗಿತ್ತು. ಅದನ್ನು ವಿವರಿಸುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೆಣ್ಣಿಗೆ ದೂರದ ಓಟ ಸಲ್ಲದೆಂದು ಹೇಳಿದವರು ನಮ್ಮ ಹಳ್ಳಿಯ ಹಿರಿಯರಷ್ಟೇ ಎಂದು ತಿಳಿಯಬಾರದು. ಯುರೋಪಿನ ದೊಡ್ಡ ದೊಡ್ಡ ವೈದ್ಯರು, ಪತ್ರಕರ್ತರು, ಒಲಿಂಪಿಕ್ ಸಮಿತಿಯ ಗಣ್ಯರು ಇದನ್ನೇ ಹೇಳಿದರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಮೊಟ್ಟಮೊದಲ ಬಾರಿಗೆ ಮಹಿಳೆಯರಿಗೆ 800 ಮೀಟರ್ ಓಟವನ್ನಿಟ್ಟರು. ಜರ್ಮನಿಯ ಲೀನಾ ರಾಡ್ಕೆ ಗೆದ್ದರು. ಅಂತಿಮ ಸುತ್ತಿನಲ್ಲಿದ್ದ ಒಂಬತ್ತು ಜನರೂ ಗುರಿ ಮುಟ್ಟಿದರು. ಓಟ ಮುಗಿದ ಬಳಿಕ ದಣಿದ ಕೆಲವರು ನೆಲದ ಮೇಲೆ ಒರಗಿದರು. ಗಂಡಸರೂ ಓಡಿ ದಣಿದರೆ ಹಾಗೆಯೇ ಒರಗುತ್ತಾರೆ. ಆದರೆ ಮರುದಿನ ಪತ್ರಿಕೆಗಳಲ್ಲಿ ಹೆಂಗಸರು ಅರ್ಧ ದಾರಿಯಲ್ಲಿ ಕುಸಿದು ಬಿದ್ದರೆಂಬ ವರ್ಣನೆಗಳು ಬಂದವು. ಪರಿಣಾಮವಾಗಿ ಆ ಓಟವನ್ನು ಒಲಿಂಪಿಕ್ಸಿನಿಂದ ತೆಗೆದುಹಾಕಲಾಯಿತು. ಮತ್ತೆ ಸೇರಿದ್ದು 1960ರಲ್ಲಿ, ರೋಮ್ ಕೂಟಕ್ಕೆ. ಒಂದು ಸುಳ್ಳು ಸುದ್ದಿ ಎಷ್ಟು ತಲೆಮಾರುಗಳ ಹೆಣ್ಣುಮಕ್ಕಳನ್ನು ಮೈದಾನದ ಹೊರಗೆ ನಿಲ್ಲಿಸಿತು ನೋಡಿ!

ಆ ಮೇಲೂ ದೂರವನ್ನು ತುಣುಕು ತುಣುಕಾಗಿಯೇ ಕೊಟ್ಟರು. 1500 ಮೀಟರ್ ಓಟ ಬಂದದ್ದು 1972ರಲ್ಲಿ. 1967ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬ ತರುಣಿ ಓಡುತ್ತಿದ್ದಾಗ ಸಂಘಟಕರಲ್ಲಿ ಒಬ್ಬನು ಹಿಂದಿನಿಂದ ಓಡಿಬಂದು ಆಕೆಯ ಅಂಗಿಗೆ ಚುಚ್ಚಿದ್ದ 261ನೆಯ ಸಂಖ್ಯೆಯ ಚೀಟಿಯನ್ನು ಕಿತ್ತುಕೊಳ್ಳಲು ನೋಡಿದನು. ಆಕೆ ನಿಲ್ಲದೆ ಓಡಿ ಮುಗಿಸಿದಳು. ಒಲಿಂಪಿಕ್ಸಿನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ದೊರೆತದ್ದು 1984ರಲ್ಲಿ, ಅದರ ಜೊತೆಗೆ 3000 ಮೀಟರ್ ಓಟವೂ. 10,000 ಮೀಟರ್ 1988ರಲ್ಲಿ, 3000ದ ಜಾಗಕ್ಕೆ 5000 ಮೀಟರ್ 1996ರಲ್ಲಿ. ಸ್ಟೀಪಲ್‌ಚೇಸ್ ಬಂದದ್ದು ಎಲ್ಲಕ್ಕಿಂತ ಕೊನೆಗೆ, 2008ರ ಬೀಜಿಂಗ್ ಕೂಟದಲ್ಲಿ. ಗಂಡಸರಿಗೆ ಈ ಬಗೆಯ ಓಟ 1900ರಿಂದಲೇ ಇತ್ತು. ನೂರೆಂಟು ವರ್ಷಗಳ ಅಂತರ! ಲಲಿತಾ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಅವರು ಮುಂದೆ ಹೆಸರು ಮಾಡಲಿದ್ದ ಓಟವೇ ಮಹಿಳೆಯರ ಒಲಿಂಪಿಕ್ ಪಟ್ಟಿಯಲ್ಲಿ ಇರಲಿಲ್ಲ.

ಸ್ಟೀಪಲ್‌ಚೇಸ್ ಎಂದರೇನು? ನಮ್ಮ ಗೃಹಿಣಿಯರಿಗೆ ತಿಳಿಯುವಂತೆ ಹೇಳುವುದಾದರೆ ಇದು ಹೊಲದ ಬದು, ಬೇಲಿ, ಹಳ್ಳ ದಾಟಿಕೊಂಡು ಓಡುವ ಓಟ. ಮೂರು ಸಾವಿರ ಮೀಟರಿನ ದಾರಿಯಲ್ಲಿ 28 ಸಲ ಮರದ ಅಡ್ಡಗಟ್ಟೆಯನ್ನು ದಾಟಬೇಕು, 7 ಸಲ ನೀರಿನ ಹೊಂಡವನ್ನು ಹಾರಬೇಕು. ಹರ್ಡಲ್ಸ್ ಓಟದ ಅಡ್ಡಪಟ್ಟಿ ಕಾಲು ತಗುಲಿದರೆ ಬೀಳುತ್ತದೆ. ಇಲ್ಲಿಯದು ಭಾರವಾದ ದಿಮ್ಮಿ. ಕಾಲು ತಗುಲಿದರೆ ಬೀಳುವುದು ಓಡುವವರೇ. ಮಹಿಳೆಯರಿಗೆ ಅದರ ಎತ್ತರ 76.2 ಸೆಂಟಿಮೀಟರ್, ಅಂದರೆ ಸರಿಯಾಗಿ ಮೂವತ್ತು ಇಂಚು. ನೀರಿನ ಹೊಂಡ ದಿಮ್ಮಿಯ ಬುಡದಲ್ಲಿ ಆಳವಾಗಿದ್ದು, ಮುಂದೆ ಮುಂದೆ ತೆಳುವಾಗುತ್ತ ಹೋಗುತ್ತದೆ. ದೂರ ಹಾರಿದವರ ಪಾದವಷ್ಟೇ ತೋಯುತ್ತದೆ. ದಣಿದು ಹತ್ತಿರ ಬಿದ್ದವರು ಮೊಣಕಾಲವರೆಗೆ ನೀರಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ಎದ್ದು, ತೊಯ್ದು ಭಾರವಾದ ಬೂಟಿನಲ್ಲಿ ಮತ್ತೆ ಮೊದಲಿನ ವೇಗ ಹಿಡಿಯಬೇಕು. ಕೊಡ ನೀರಿಗೆ ಮೈಲಿ ನಡೆಯುವ ಸೀಮೆಯ ಹುಡುಗಿಗೆ ನೀರನ್ನು ಹಾರಿ ದಾಟುವ ಓಟ! ಅಲ್ಲಿಯೂ ಸೊಂಟದ ಸುತ್ತು, ಕಾಲಿನ ಲಯ, ಉಸಿರಿನ ಲೆಕ್ಕ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಎಡಗಾಲೋ ಬಲಗಾಲೋ ಯಾವುದು ಮುಂದೆ ಬಂದರೂ ಹಾರಲು ಬರಬೇಕು, ಏಕೆಂದರೆ ಗುಂಪಿನಲ್ಲಿ ಓಡುವಾಗ ದಿಮ್ಮಿ ಯಾವ ಹೆಜ್ಜೆಗೆ ಎದುರಾಗುತ್ತದೆಂದು ಹೇಳಲಾಗದು.

ಭಾರತದಲ್ಲಿ ಈ ಓಟಕ್ಕೆ ದಾರಿ ತೆರೆದವರು ಉತ್ತರಪ್ರದೇಶದ ರಾಯಬರೇಲಿಯ ಸುಧಾ ಸಿಂಗ್. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಈ ಓಟವನ್ನು ಮಹಿಳೆಯರಿಗೆ ಮೊದಲ ಸಲ ಇಟ್ಟಾಗ ಅವರು 9 ನಿಮಿಷ 55.67 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದಿದ್ದರು. ಲಲಿತಾ ಬಂದದ್ದು ಅವರ ಹಿಂದಿನಿಂದ, ಇಪ್ಪತ್ತೈದರ ವಯಸ್ಸಿನಲ್ಲಿ. ನಮ್ಮಲ್ಲಿ ಆ ವಯಸ್ಸಿನ ಹೆಣ್ಣುಮಗಳೆಂದರೆ ಎರಡು ಮಕ್ಕಳ ತಾಯಿ. ಅವರು ಮ್ಯಾರಥಾನಿನಲ್ಲಿ ಹೆಸರು, ಬಹುಮಾನ ಎರಡೂ ಇದ್ದಾಗ ಗೊತ್ತಿಲ್ಲದ ಓಟವನ್ನು ಅ ಆ ಇ ಈ ಇಂದ ಕಲಿಯಲು ಕುಳಿತರು.

2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಅವರು 9 ನಿಮಿಷ 35.37 ಸೆಕೆಂಡಿನಲ್ಲಿ ಓಡಿ ಸುಧಾ ಸಿಂಗ್ ಅವರ ಹೆಸರಿನಲ್ಲಿದ್ದ ರಾಷ್ಟ್ರೀಯ ದಾಖಲೆಯನ್ನು ಮುರಿದರು. ಅಂದು ಪದಕದ ವಿಷಯದಲ್ಲಿ ದೊಡ್ಡ ಗೊಂದಲವೇ ನಡೆಯಿತು. ಮೊದಲು ಗುರಿ ಮುಟ್ಟಿದ ಬಹರೈನಿನ ರೂತ್ ಜೆಬೆಟ್ ಟ್ರ್ಯಾಕಿನ ಒಳಗೆರೆಯನ್ನು ತುಳಿದರೆಂದು ತೀರ್ಪುಗಾರರು ಅನರ್ಹಗೊಳಿಸಿದರು. ಲಲಿತಾ ಅವರ ಸ್ಥಾನ ಮೂರರಿಂದ ಎರಡಕ್ಕೆ ಏರಿತು. ಬಳಿಕ ಮೇಲ್ಮನವಿಯಲ್ಲಿ ಜೆಬೆಟ್‌ಗೆ ಚಿನ್ನ ಮರಳಿ ದೊರೆತು, ಲಲಿತಾ ಅವರ ಪಾಲಿಗೆ ಕಂಚೇ ಉಳಿಯಿತು. ಮರುವರ್ಷ, 2015ರಲ್ಲಿ, ಚೀನದ ವುಹಾನ್ ನಗರದ ಏಷ್ಯನ್ ಅಥ್ಲೆಟಿಕ್ಸ್ ಕೂಟದಲ್ಲಿ 9 ನಿಮಿಷ 34.13 ಸೆಕೆಂಡಿನೊಡನೆ ಚಿನ್ನ. ಅದೇ ವರ್ಷ ಅಗಸ್ಟಿನಲ್ಲಿ ಬೀಜಿಂಗಿನ ವಿಶ್ವ ಕೂಟದ ಅರ್ಹತಾ ಸುತ್ತಿನಲ್ಲಿ 9 ನಿಮಿಷ 27.86 ಸೆಕೆಂಡು, ಅಂತಿಮ ಸುತ್ತಿನಲ್ಲಿ ಎಂಟನೆಯ ಸ್ಥಾನ. 2016ರ ಏಪ್ರಿಲಿನಲ್ಲಿ ದಿಲ್ಲಿಯಲ್ಲಿ 9 ನಿಮಿಷ 27.09.

ಈ ಅವಧಿಯಲ್ಲಿ ಅವರ ಗುರುಗಳು ಬೆಲಾರೂಸ್ ದೇಶದ ನಿಕೊಲಾಯ್ ಸ್ನೆಸರೆವ್. ತರಬೇತಿಯ ಬಹುಭಾಗ ನಡೆದದ್ದು ನಮ್ಮ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಮತ್ತು ಊಟಿಯ ಎತ್ತರದ ನೆಲದಲ್ಲಿ. ಸ್ನೆಸರೆವ್ ಬಹಳ ಕಟ್ಟುನಿಟ್ಟಿನ ಗುರು. ಭಾರತದ ದೂರದ ಓಟಗಾರ್ತಿಯರ ಒಂದು ಇಡೀ ಪೀಳಿಗೆ ಅವರ ಕೈಯಲ್ಲಿ ಪಳಗಿತು. 2021ರ ಮಾರ್ಚಿನಲ್ಲಿ ಅವರು ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿಯೇ ತೀರಿಕೊಂಡರು. ಎತ್ತರದ ಸ್ಥಳದಲ್ಲಿ ಗಾಳಿ ತೆಳುವಾಗಿರುವುದರಿಂದ ದೇಹ ವಾರಗಳು ಕಳೆದಂತೆ ಹೆಚ್ಚು ಕೆಂಪು ರಕ್ತಕಣಗಳನ್ನು ಮಾಡಿಕೊಳ್ಳುತ್ತದೆ. ಕೆಳಗಿಳಿದು ಓಡಿದಾಗ ಸ್ನಾಯುಗಳಿಗೆ ಪ್ರಾಣವಾಯು ಹೆಚ್ಚು ದೊರೆಯುತ್ತದೆ. ಊಟಿಗೆ ಹೋಗುವುದು ಇದಕ್ಕಾಗಿ, ತಂಪಿಗಾಗಿ ಅಲ್ಲ.

ರಕ್ತದ ಮಾತು ಬಂದುದರಿಂದ ಇಲ್ಲಿ ತಾಯಂದಿರ ಗಮನಕ್ಕೆ ಒಂದು ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಜನ ರಕ್ತಹೀನತೆಯುಳ್ಳವರು. ದೂರದ ಓಟವೆಂದರೆ ರಕ್ತದ ಓಟ. ಮಗಳು ಎರಡು ಸುತ್ತಿಗೇ ಏದುಸಿರು ಬಿಟ್ಟರೆ ಅದು ಆಲಸ್ಯವೆಂದು ಗದರಿಸುವ ಮೊದಲು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ತಪಾಸಣೆ ಮಾಡಿಸಬೇಕು. ಜೋಳದ ರೊಟ್ಟಿ, ಕಾಳುಪಲ್ಲೆ, ರಾಜಗಿರಿ, ಮೆಂತ್ಯ, ಶೇಂಗಾ, ಮೇಲೊಂದು ಲಿಂಬೆಹಣ್ಣಿನ ಹೋಳು. ನಮ್ಮ ಅಡುಗೆಮನೆಯಲ್ಲಿ ಇಲ್ಲದ್ದು ಯಾವುದು? ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವ ರೂಢಿಯೊಂದನ್ನು ಮಗಳಿಗೆ ಕಲಿಸದಿದ್ದರೆ ಸಾಕು.

ಮತ್ತೆ ರಿಯೊಗೆ ಬರೋಣ. ಅಗಸ್ಟ್ 13ರಂದು ಅರ್ಹತಾ ಸುತ್ತು. ಲಲಿತಾ ತಮ್ಮ ಗುಂಪಿನಲ್ಲಿ ನಾಲ್ಕನೆಯವರು. ಮೊದಲ ಮೂವರಿಗೆ ಮಾತ್ರ ನೇರ ಪ್ರವೇಶ. ಉಳಿದವರದು ವೇಳೆಯ ಲೆಕ್ಕದ ಮೇಲೆ. ಆದರೆ ಅವರ ವೇಳೆ 9 ನಿಮಿಷ 19.76 ಸೆಕೆಂಡು! ನಾಲ್ಕು ತಿಂಗಳ ಹಿಂದಿನ ತಮ್ಮದೇ ದಾಖಲೆಗಿಂತ ಏಳು ಸೆಕೆಂಡಿಗೂ ಹೆಚ್ಚು ಕಡಿಮೆ. ಹಿಂದಿನ ವರ್ಷ ಬೀಜಿಂಗಿನ ವಿಶ್ವ ಕೂಟದಲ್ಲಿ ಕೀನ್ಯಾದ ಹೈವಿನ್ ಜೆಪ್ಕೆಮೊಯ್ ಚಿನ್ನ ಗೆದ್ದದ್ದು 9 ನಿಮಿಷ 19.11 ಸೆಕೆಂಡಿನಲ್ಲಿ ಎಂಬುದನ್ನು ನೆನೆದರೆ ಈ ಅಂಕಿಯ ತೂಕ ತಿಳಿಯುತ್ತದೆ. ಇಂಚಿಯಾನಿನಿಂದ ರಿಯೊವರೆಗಿನ ಎರಡು ವರ್ಷದೊಳಗೆ ಅವರು ಹದಿನೈದೂವರೆ ಸೆಕೆಂಡು ಉಳಿಸಿದ್ದರು. ಅಷ್ಟು ಸೆಕೆಂಡೆಂದರೆ ಆ ವೇಗದಲ್ಲಿ ಎಂಬತ್ತು ಮೀಟರಿಗೂ ಮಿಕ್ಕ ದೂರ. 2014ರ ಲಲಿತಾ ಮತ್ತು 2016ರ ಲಲಿತಾ ಒಂದೇ ಟ್ರ್ಯಾಕಿನಲ್ಲಿ ಓಡಿದ್ದರೆ ಒಬ್ಬರ ಬೆನ್ನು ಇನ್ನೊಬ್ಬರಿಗೆ ಅಷ್ಟು ದೂರ ಕಾಣುತ್ತಿತ್ತು.

ಅಗಸ್ಟ್ 15ರ ಅಂತಿಮ ಓಟದಲ್ಲಿ ರೂತ್ ಜೆಬೆಟ್ ಆರಂಭದಲ್ಲಿಯೇ ಗುಂಪನ್ನು ಹರಿದು ಮುಂದೆ ಹೋದರು. ಅವರು ಗೆದ್ದದ್ದು 8 ನಿಮಿಷ 59.75 ಸೆಕೆಂಡಿನಲ್ಲಿ. ಲಲಿತಾ ಮಧ್ಯದ ಗುಂಪಿನಲ್ಲಿ ಉಳಿದು, 9 ನಿಮಿಷ 22.74 ಸೆಕೆಂಡಿನಲ್ಲಿ ಹತ್ತನೆಯವರಾಗಿ ಮುಗಿಸಿದರು. ನಾನು ಮನೆಯಲ್ಲಿ ಟಿ.ವಿ. ಮುಂದೆ ಕುಳಿತು ನೋಡಿದೆ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಮನೆಯವರು, "ಹತ್ತನೇ ನಂಬರಿಗೂ ಏನರ ಕೊಡತಾರೇನ್ರಿ?" ಎಂದು ಕೇಳಿದರು. ಕೊಡುವುದಿಲ್ಲವೆಂದೆ. "ಅಷ್ಟು ದೂರ ಹೋಗಿ ಅಷ್ಟು ಓಡಿದಾಳ, ಏನಾರ ಕೊಡಬೇಕಿತ್ತು" ಎಂದು ಎದ್ದು ಹೋದರು. ಮುಂದೆ ಆ ವರ್ಷವೇ ಕೇಂದ್ರ ಸರಕಾರ ಲಲಿತಾ ಅವರಿಗೆ ಅರ್ಜುನ ಪ್ರಶಸ್ತಿ ಕೊಟ್ಟಿತು.

ಆ ಸಂತೋಷದ ಹಿಂದಿನ ದಿನವೇ, ಅಗಸ್ಟ್ 14ರಂದು, ಅದೇ ನಗರದ ಬೀದಿಗಳಲ್ಲಿ ಇನ್ನೊಂದು ಘಟನೆ ನಡೆದಿತ್ತು. ಮ್ಯಾರಥಾನ್ ಓಡಿದ ಕೇರಳದ ಓ. ಪಿ. ಜೈಷಾ 2 ತಾಸು 47 ನಿಮಿಷ 19 ಸೆಕೆಂಡಿನಲ್ಲಿ ಗುರಿ ಮುಟ್ಟಿ ಕುಸಿದುಬಿದ್ದರು. ದಾರಿಯಲ್ಲಿ ಭಾರತದ ಮೇಜಿನ ಬಳಿ ನೀರು ಕೊಡಲು ಯಾರೂ ಇರಲಿಲ್ಲವೆಂದು ಅವರು ಹೇಳಿದರು. ವೈಯಕ್ತಿಕ ಪಾನೀಯ ಬೇಡವೆಂದು ಓಟಗಾರ್ತಿಯ ಕಡೆಯವರೇ ತಿಳಿಸಿದ್ದರೆಂದು ಅಥ್ಲೆಟಿಕ್ಸ್ ಒಕ್ಕೂಟ ಉತ್ತರ ಕೊಟ್ಟಿತು. ತಪ್ಪು ಯಾರದೆಂಬ ವಾದ ಪತ್ರಿಕೆಗಳಲ್ಲಿ ಬಹಳ ದಿನ ನಡೆಯಿತು. ನನಗೆ ಉಳಿದದ್ದು ಆ ಖಾಲಿ ಮೇಜಿನ ಚಿತ್ರ. ದೂರದ ಓಟಗಾರ್ತಿ ಓಡುವುದು ಒಬ್ಬಳೇ ನಿಜ. ಆದರೆ ಆಕೆಯ ದಾರಿಯ ಬದಿಗೆ ಯಾರೋ ಒಬ್ಬರು ನಿಂತಿರಲೇಬೇಕು. ಮೋಹಿಯಂಥ ಊರಿನ ಹುಡುಗಿ ಹದಿನಾರನೆಯ ವಯಸ್ಸಿನಲ್ಲಿ ಪುಣೆಯ ಮೈದಾನದಲ್ಲಿ ನಿಂತಳೆಂದರೆ ಆಕೆಯನ್ನು ಅಲ್ಲಿಯವರೆಗೆ ಹೋಗಗೊಟ್ಟ ಒಂದು ಮನೆ ಹಿಂದೆ ಇತ್ತೆಂದೇ ಅರ್ಥ.

ಇದನ್ನು ಬರೆಯುವಾಗ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಸುಮಾರು 1994ರ ಮಾತು. ನಾನು ಆಗ ನಮ್ಮ ಭಾಗದ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದೆ. ಒಂಬತ್ತನೆಯ ವರ್ಗದ ಒಬ್ಬ ಹುಡುಗಿ ತಾಲೂಕಾ ಕೂಟದಲ್ಲಿ 3000 ಮೀಟರ್ ಓಟಕ್ಕೆ ನಿಂತಳು. ಬರಿಗಾಲು, ಶಾಲೆಯ ಲಂಗ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಸುಣ್ಣ ಎಳೆದ ಮೈದಾನದಲ್ಲಿ ಉಳಿದ ಹುಡುಗಿಯರನ್ನು ಒಂದು ಸುತ್ತು ಹಿಂದೆ ಹಾಕಿ ಆಕೆ ಮೊದಲು ಬಂದಳು. ವೇಳೆ ಎಷ್ಟಾಯಿತೆಂದು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಗಡಿಯಾರ ಹಿಡಿದಿದ್ದವರು ಮೊದಲನೆಯವಳು, ಎರಡನೆಯವಳು ಎಂದು ಬರೆದುಕೊಂಡು ಮುಗಿಸಿದರು. ಜಿಲ್ಲಾ ಕೂಟ ಬೆಳಗಾವಿಯಲ್ಲಿ, ಎರಡು ರಾತ್ರಿ ವಸತಿ. ಶಾಲೆಯಲ್ಲಿ ಶಿಕ್ಷಕಿಯರು ಇರಲಿಲ್ಲ. ಆಕೆಯ ತಂದೆ ಶಾಲೆಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಗುರುಗಳ, ಹುಡುಗಿ ಜೋಡಿ ಹೆಣಮಕ್ಕಳು ಯಾರ ಹೋಗತಾರ್ರಿ?" ಯಾರ ಬಳಿಯೂ ಉತ್ತರವಿರಲಿಲ್ಲ. ಆತ ನಮಸ್ಕಾರ ಹೇಳಿ ಹೋದನು. ಆಕೆ ಹೋಗಲಿಲ್ಲ. ಮೆಟ್ರಿಕ್ ಮುಗಿಯುತ್ತಲೇ ಲಗ್ನವಾಯಿತು.

ಆ ತಂದೆಯನ್ನು ನಾನು ಬಹಳ ವರ್ಷ ಮನಸ್ಸಿನಲ್ಲಿಯೇ ಬೈದುಕೊಂಡೆ. ಈಗ ನೋಡಿದರೆ ಆತ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಬೇಡವೆಂದು ಆತ ಹೇಳಿರಲಿಲ್ಲ; ಜೊತೆಗೆ ಯಾರೆಂದು ಕೇಳಿದ್ದನು. ನಮ್ಮ ಮನೆಯವರನ್ನು ಎರಡು ದಿನದ ಮಟ್ಟಿಗೆ ಆ ಹುಡುಗಿಯ ಜೊತೆ ಕಳುಹಿಸಬಹುದಿತ್ತು. ಅವರು ಖುಷಿಯಿಂದ ಹೋಗುತ್ತಿದ್ದರು ಕೂಡ. ನನಗದು ಹೊಳೆಯಲೇ ಇಲ್ಲ.

ನಮ್ಮ ನೆಲದಲ್ಲಿ ಹೆಣ್ಣಿನ ಕಸುವಿಗೆ ಸಾಕ್ಷಿ ಹುಡುಕಬೇಕಾಗಿಲ್ಲ. ಹೆಂಗಸರ ಪಡೆ ಕಟ್ಟಿದ ಬೆಳವಡಿ ಮಲ್ಲಮ್ಮನ ಊರು ಬೈಲಹೊಂಗಲ ತಾಲೂಕಿನಲ್ಲಿಯೇ ಇದೆ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಂಪನಿಯ ಪಡೆಯನ್ನು ಸೋಲಿಸಿದ ರಾಣಿ ಚನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. ಆಕೆಯ ಹೆಸರಿನಲ್ಲಿ 1969ರಲ್ಲಿ ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಸೈನಿಕ ವಸತಿ ಶಾಲೆಯೊಂದು ಆರಂಭವಾಯಿತು. ಉತ್ಸವದ ದಿನ ನಾವು ಚನ್ನಮ್ಮನ ಕುದುರೆಯ ಮೆರವಣಿಗೆ ನೋಡಿ ಕೈ ಮುಗಿಯುತ್ತೇವೆ. ಮರುದಿನ ಮಗಳು ನಸುಕಿನಲ್ಲಿ ಓಡಲು ಹೋಗುತ್ತೇನೆಂದರೆ ಓಣಿಯವರು ಏನೆಂದಾರು ಎನ್ನುತ್ತೇವೆ.

ಓಣಿಯ ಮಾತಿಗಿಂತ ಕಠಿಣವಾದದ್ದು ಕಾಲದ ಮಾತು. ನೂರು ಮೀಟರಿನ ಓಟಗಾರ್ತಿಯ ಚುರುಕು ಹದಿನೈದು ಹದಿನಾರಕ್ಕೇ ಕಣ್ಣಿಗೆ ಕಾಣುತ್ತದೆ. ದೂರದ ಓಟ ಹಾಗಲ್ಲ. ಎದೆ, ಶ್ವಾಸಕೋಶ, ಮೂಳೆ, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಪದರ ಪದರವಾಗಿ ಗಟ್ಟಿಯಾಗಬೇಕು. ಅವಸರ ಮಾಡಿ ಒಮ್ಮೆಲೇ ದೂರ ಹೆಚ್ಚಿಸಿದರೆ ಮೊಣಕಾಲಿನ ಕೆಳಗಿನ ಎಲುಬು ಬಿರುಕು ಬಿಡುತ್ತದೆ. ಲಲಿತಾ ಅವರು ಪುಣೆಯಲ್ಲಿ ಗೆದ್ದದ್ದು ಹದಿನಾರಕ್ಕೆ, ರಿಯೊ ತಲುಪಿದ್ದು ಇಪ್ಪತ್ತೇಳಕ್ಕೆ. ನಡುವಿನ ಹನ್ನೊಂದು ವರ್ಷಗಳನ್ನು ಯಾರೋ ಆಕೆಗೆ ಕೊಟ್ಟರು. ನಮ್ಮ ಮನೆಗಳಲ್ಲಿ ಹೆಣ್ಣುಮಗಳಿಗೆ ಕೊಡಲು ಕಠಿಣವಾದದ್ದು ಹಣವಲ್ಲ, ಈ ವರ್ಷಗಳು.

ರಿಯೊದ ಬಳಿಕ ಲಲಿತಾ ಅವರ ಬದುಕು ಬೇರೆ ದಾರಿ ಹಿಡಿಯಿತು. 2017ರಲ್ಲಿ ಮದುವೆಯಾಯಿತು. ಮಹಾರಾಷ್ಟ್ರ ಸರಕಾರ ಅವರಿಗೆ ಉಪಜಿಲ್ಲಾಧಿಕಾರಿಯ ಹುದ್ದೆ ಕೊಟ್ಟಿತು. ಕಂದಾಯದ ಕಡತಗಳ ಕಡೆ ಹೊರಳಿದರು. ಇಪ್ಪತ್ತೇಳಕ್ಕೇ ನಿಂತಿತಲ್ಲ, ಇನ್ನೊಂದು ಒಲಿಂಪಿಕ್ಸ್ ಓಡಬಹುದಿತ್ತಲ್ಲ ಎಂದು ಮರುಗಿದ ಕ್ರೀಡಾಭಿಮಾನಿಗಳು ಬಹಳ. ನನಗೂ ಹಾಗೆಯೇ ಅನಿಸಿತ್ತು. ಆದರೆ ಬರದ ಊರಿನ ಹೆಣ್ಣುಮಗಳು ಸಹಿ ಹಾಕುವ ಕುರ್ಚಿಯಲ್ಲಿ ಕುಳಿತುದನ್ನು ಸೋಲೆಂದು ಕರೆಯಲು ನನಗೆ ಮನಸ್ಸು ಬಾರದು. ಅವರ ರಿಯೊ ದಾಖಲೆ ಏಳು ವರ್ಷ ನಿಂತಿತು. 2023ರ ಅಗಸ್ಟಿನಲ್ಲಿ ಬುಡಾಪೆಸ್ಟಿನ ವಿಶ್ವ ಕೂಟದ ಅಂತಿಮ ಓಟದಲ್ಲಿ ಮೇರಠ ಜಿಲ್ಲೆಯ ರೈತ ಕುಟುಂಬದ ಪಾರುಲ್ ಚೌಧರಿ 9 ನಿಮಿಷ 15.31 ಸೆಕೆಂಡಿನಲ್ಲಿ ಓಡಿ ಅದನ್ನು ಅಳಿಸಿದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪಾರುಲ್ ಈ ಓಟದಲ್ಲಿ ಬೆಳ್ಳಿಯನ್ನೂ, ಮರುದಿನ 5000 ಮೀಟರಿನಲ್ಲಿ ಚಿನ್ನವನ್ನೂ ಗೆದ್ದರು. ಸುಧಾ ಸಿಂಗ್ ತೆರೆದ ದಾರಿಯಲ್ಲಿ ಲಲಿತಾ, ಲಲಿತಾ ಹಾಕಿದ ಹೆಜ್ಜೆಯ ಮೇಲೆ ಪಾರುಲ್.

ಕಳೆದ ವರ್ಷದ ಜಾತ್ರೆಯಲ್ಲಿ ಆ ನನ್ನ ಹಳೆಯ ವಿದ್ಯಾರ್ಥಿನಿ ಗೊಡಚಿಯಲ್ಲಿ ಸಿಕ್ಕಳು. ಕಾಲಿಗೆರಗಿ, ಪಕ್ಕದಲ್ಲಿದ್ದ ಮಗಳನ್ನು ಮುಂದೆ ಮಾಡಿ, "ಇಕೀನೂ ಓಡತಾಳ್ರಿ ಗುರುಗಳ" ಎಂದಳು. ಹುಡುಗಿ ತಾಲೂಕಿನಲ್ಲಿ ಎರಡನೆಯವಳಾಗಿ ಜಿಲ್ಲೆಗೆ ಹೋಗಿದ್ದಳಂತೆ. ಜೊತೆಗೆ ಯಾರು ಹೋಗಿದ್ದರೆಂದು ನಾನು ಕೇಳಿದೆ. "ನಾನs ಹೋಗಿದ್ನಿರಿ. ಎಮ್ಮಿ ಹಿಂಡೂದು ನಮ್ಮನಿಯವ್ರು ನೋಡಕೊಂಡ್ರು" ಎಂದಳು. ಜಿಲ್ಲಾ ಕೂಟದಲ್ಲಿ ಹುಡುಗಿ ಐದನೆಯವಳು. ವೇಳೆ ಎಷ್ಟೆಂದು ಕೇಳಿದೆ. ತಾಯಿ ಮೊಬೈಲಿನ ಗಡಿಯಾರ ಹಿಡಿದು ಗೆರೆಯ ಬಳಿಯೇ ನಿಂತಿದ್ದಳಂತೆ. ಚೀಲದಿಂದ ಒಂದು ಸಣ್ಣ ಡೈರಿ ತೆಗೆದು, ಪುಟ ಹುಡುಕಿ, ನನ್ನ ಕೈಗೆ ಕೊಟ್ಟಳು.